ಡ್ರಮ್ ರಬ್ಬರು ಮತ್ತು ಶ್ರಾವಣದ ಸೋಮವಾರ

ದುಡಿಯುವ ಜೀವಕ್ಕೆ ವಾರದಲ್ಲಿ ಒಂದು ದಿನ ವಿಶ್ರಾಂತಿ ಸಲ್ಲಬೇಕು ಎಂಬುದು ನಮ್ಮ ಹಿರಿಯರು ಮಣ್ಣಿನಲ್ಲಿ ದುಡಿದು ಕಂಡುಕೊಂಡ ಸತ್ಯ. ನಮ್ಮ ಮನೆಯಲ್ಲಿ ಈ ಸತ್ಯದ ಫಲವನ್ನು ಪೂರ್ತಿಯಾಗಿ ಉಂಡದ್ದು ಒಂದು ಮೋಟರ್ ಸೈಕಲ್ಲು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತೆಂದರೆ ಬಸವಣ್ಣ, ಸೋಮವಾರ ಅವನ ವಾರ. ಅಣ್ಣ ಕೊನೆಯ ಜೋಡಿ ಎತ್ತುಗಳನ್ನು ಮಾರಿ ಈ ಗಾಡಿ ತಂದಾಗ, ಕೊಟ್ಟಿಗೆಯಲ್ಲಿ ಅವು ನಿಲ್ಲುತ್ತಿದ್ದ ಜಾಗದಲ್ಲೇ ಇದನ್ನೂ ನಿಲ್ಲಿಸಿದ. ಹೆಡ್‌ಲೈಟಿಗೆ ವಿಭೂತಿ ಹಚ್ಚಿದ. ಮೊದಲ ಸೋಮವಾರ ಬಂದಾಗ ಕೀಲಿಕೈ ತೆಗೆದು ದೇವರ ಜಗಲಿಯ ಮೇಲಿಟ್ಟ. ಅಂದಿನಿಂದ ಆ ಗಾಡಿ ಸೋಮವಾರ ಹೊರಬಿದ್ದದ್ದಿಲ್ಲ.

ಇದಕ್ಕೊಂದು ಶಾಸ್ತ್ರವೇ ಬೆಳೆಯಿತು. ಸೋಮವಾರ ಗಾಡಿಯನ್ನು ನೂಕಬಹುದು, ನೂಕಿದರೆ ಹೂಡಿದಂತಲ್ಲ. ತೊಳೆಯಬಹುದು, ಎತ್ತಿಗೂ ಮೈ ತೊಳೆಯುತ್ತಾರೆ. ಹಾರ್ನು ಬಾರಿಸುವ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ಪೆಟ್ರೋಲು ಹಾಕಬಹುದು, ಮೇವು ಹಾಕುವುದಕ್ಕೆ ಯಾವ ದೇವರ ತಕರಾರೂ ಇಲ್ಲ. ನಾನು ಸಾಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು, ವಾದ ಮಾಡುವುದು ಹವ್ಯಾಸ. ಆದರೆ ಈ ಶಾಸ್ತ್ರದ ಮುಂದೆ ನನ್ನ ತರ್ಕವೆಲ್ಲ ಸೋತಿತ್ತು. ನಮ್ಮೂರು ಮಾಸೂರಿನ ಮಂದಿ ನಕ್ಕರು, ಆಮೇಲೆ ರೂಢಿಯಾಗಿ ನಗುವುದನ್ನೂ ಬಿಟ್ಟರು.

ಹೋದ ವರ್ಷ ಅಣ್ಣನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಮೇದೋಜೀರಕ ಗ್ರಂಥಿ ಅಂದರು ಡಾಕ್ಟರು. ಮಕ್ಕಳಿಗೆ ನಾನೇ ಎಷ್ಟೋ ಸಲ ಹಲಗೆಯ ಮೇಲೆ ಬರೆದು ತೋರಿಸಿದ ಗ್ರಂಥಿ. ಅದಕ್ಕೆ ಇಂಥ ಗುಣವೂ ಉಂಟೆಂದು ನಮ್ಮ ಪಾಠದಲ್ಲಿ ಇರಲಿಲ್ಲ. ಅಣ್ಣ ಮಲಗಿದರೆ ನೋವು, ಹಿಂದಕ್ಕೆ ಒರಗಿದರೆ ನೋವು. ಮುಂದಕ್ಕೆ ಬಗ್ಗಿ ಏನನ್ನಾದರೂ ತಬ್ಬಿ ಕೂತರೆ ಮಾತ್ರ ಸ್ವಲ್ಪ ಆರಾಮು. ಕಾರಿನಲ್ಲಿ ಒಮ್ಮೆ ಹಿರೇಕೆರೂರಿಗೆ ಒಯ್ದೆವು, ಊರ ಅಗಸಿಬಾಗಿಲು ದಾಟುವುದರೊಳಗೆ ಕಿರುಚಿ ಇಳಿದುಬಿಟ್ಟ. ಕೊನೆಗೆ ಅವನಿಗೆ ಒಗ್ಗಿದ ವಾಹನ ಅವನ ಗಾಡಿಯೇ. ಮುಂದೆ ನಾನು, ಹಿಂದೆ ಅವನು, ನನ್ನ ಬೆನ್ನಿಗೆ ಎದೆ ಹಚ್ಚಿ, ಸೊಂಟ ತಬ್ಬಿಕೊಂಡು. ಎಪ್ಪತ್ತರ ಆಸುಪಾಸಿನ ಇಬ್ಬರು ಮುದುಕರು ಹಾಗೆ ಹೋಗುವುದನ್ನು ನೋಡಿ ಜನ ಏನೆಂದುಕೊಂಡರೋ.

ದುಂಡಸಿಯಲ್ಲಿ ನಮ್ಮ ಅಕ್ಕ ಇದ್ದಳು, ನಮ್ಮಿಬ್ಬರಿಗೂ ಹಿರಿಯಳು. ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆಯಲು ಪ್ರತಿವರ್ಷ ಅಣ್ಣನೇ ಹೋಗುತ್ತಿದ್ದ, ಮೊದಲು ಚಕ್ಕಡಿಯಲ್ಲಿ, ಆಮೇಲೆ ಈ ಗಾಡಿಯಲ್ಲಿ. ಫೋನಿನಲ್ಲಿ ಕರೆದರೆ ಅಕ್ಕನ ಪ್ರಕಾರ ಅದು ಕರೆದಂತಲ್ಲ. ಈ ಸಲ ಅಣ್ಣನಿಗೆ ಎದ್ದು ನಿಲ್ಲುವುದೇ ಕಷ್ಟವಾಗಿತ್ತು. ರೋಗದ ಸುದ್ದಿಯನ್ನು ಅಕ್ಕನಿಗೆ ತಿಳಿಸಿರಲಿಲ್ಲ, ಬಿ.ಪಿ. ಇದ್ದವಳು. ನಾನು ಹೋಗುತ್ತೇನೆ ಎಂದರೆ ಅದಕ್ಕೂ ತಡೆದ.

"ನೀ ಹ್ವಾದ್ರ, ಅಂವ ಯಾಕ ಬರಲಿಲ್ಲ ಅಂತ ಕೇಳ್ತಾಳ. ನಿನಗ ಸುಳ್ಳ ಹೇಳಾಕ ಬರೂದಿಲ್ಲ. ಮಾರಿ ಮ್ಯಾಲೆ ಬರಕೊಂಡಿರ್ತೀ."

ಹೀಗಾಗಿ ಯಾರೂ ಹೋಗಲಿಲ್ಲ. ಹಬ್ಬ ಮುಗಿದ ಮರುದಿನ ಅಕ್ಕನ ಫೋನು ಬಂತು, ನನಗೆ.

"ತವರಮನಿ ದಾರಿ ಮುಳ್ಳ ಹಚ್ಚಿ ಮುಚ್ಚೀರೇನು, ಕೇಳು ನಿಮ್ಮಣ್ಣನ್ನ," ಅಂದು ಇಟ್ಟುಬಿಟ್ಟಳು. ಅಣ್ಣ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದ. "ಸ್ವಲ್ಪ ಆರಾಮಾಗಲಿ, ಹೋಗಿ ಬೈಸಿಕೊಂಡು ಬರ್ತೇನಿ," ಅಂದ.

ಆರಾಮಾಗುವ ರೋಗ ಅದಲ್ಲ. ಒಂದು ಬುಧವಾರ ಅಕ್ಕನ ಮಗ ಫೋನು ಮಾಡಿದ.

"ಅವ್ವಗ ಲಕ್ವಾ ಹೊಡದೈತ್ರಿ ಮಾಮಾ. ಮಾತ ನಿಂತಾವು. ದವಾಖಾನಿಯವರು ಮನಿಗೆ ಒಯ್ರಿ ಅಂದ್ರು. ಗುರತ ಹಿಡೀತಾಳ. ಬರೇ ಬಾಗಲಾ ನೋಡ್ತಾಳ. ದೊಡ್ಡ ಮಾಮಾಗ ಬರಾಕ ಹೇಳ್ರಿ."

ಫೋನಿನಲ್ಲಿ ಮುಖ ತೋರಿಸುವ ಪ್ರಯತ್ನವೂ ನಡೆಯಿತು. ಈ ಕಡೆ ಅಣ್ಣ ಫೋನನ್ನು ಮತ್ತೆ ಮತ್ತೆ ಕಿವಿಗೆ ಒಯ್ಯುತ್ತಿದ್ದ, ಆ ಕಡೆ ಹಿಡಿದವರಿಗೆ ಗಡಿಬಿಡಿ. ಅಣ್ಣನಿಗೆ ಕಂಡದ್ದು ಅಕ್ಕನ ಮನೆಯ ತೊಲೆ. ಅಕ್ಕನಿಗೆ ಕಂಡದ್ದು ಬಹುಶಃ ಅಣ್ಣನ ಕಿವಿ.

"ಇದು ಬ್ಯಾಡ," ಅಂದ ಅಣ್ಣ. "ಅಕಿ ಮುಂದ ಹೋಗಿ ಕುಂದರಬೇಕು. ಯಾಕ ಬರಲಿಲ್ಲ ಅಂತ ಹೇಳಬೇಕು. ಗುರತ ಹಿಡಿಯೂದರಾಗ ಹೋಗಬೇಕು."

ಗುರುವಾರ ಬೆಳಿಗ್ಗೆ ಹೊರಟೆವು. ಮದಗದ ಕೆರೆ ಬದಿಯಿಂದ ರಸ್ತೆಗೆ ಬಂದು ಗೇರು ಬದಲಿಸಿದೆ. ಹಿಂದಿನ ಗಾಲಿ ಧಡ್ ಎಂದು ಜಗ್ಗಿತು. ಬೆನ್ನ ಹಿಂದೆ ಅಣ್ಣ ನರಳಿದ. ಎಕ್ಸಲೇಟರು ಬಿಟ್ಟು ಮತ್ತೆ ಕೊಟ್ಟಾಗಲೆಲ್ಲ ಒಳಗಿನಿಂದ ಯಾರೋ ಒದ್ದಂತೆ ಧಕ್ಕೆ. ಆ ಧಕ್ಕೆ ನೇರ ಅವನ ಹೊಟ್ಟೆಗೆ ಹೋಗುತ್ತಿತ್ತು. ಹಿರೇಕೆರೂರು ಮುಟ್ಟುವುದರೊಳಗೆ ನನ್ನ ಅಂಗಿಯ ಬೆನ್ನು ಅವನ ಬೆವರಿನಿಂದ ತೊಯ್ದಿತ್ತು.

ಅಲ್ಲಿಯ ಗ್ಯಾರೇಜಿನ ಮಿಸ್ತ್ರಿ ಗಾಡಿಯನ್ನು ಸ್ಟ್ಯಾಂಡ್ ಹಾಕಿ ಚೈನಿನ ಚಕ್ರ ಹಿಡಿದು ಅಲ್ಲಾಡಿಸಿದ.

"ಡ್ರಮ್ ರಬ್ಬರ್ ಸತ್ತಾವ್ರಿ ಮಾಸ್ತರ. ನೋಡ್ರಿ, ನಮ್ಮಜ್ಜನ ಹಲ್ಲ ಅಳ್ಳಾಡಿದಂಗ ಅಳ್ಳಾಡಾಕತ್ತೈತಿ."

ಗಾಲಿ ಬಿಚ್ಚಿ ತೋರಿಸಿದ. ಚೈನು ಎಳೆಯುವ ಕಬ್ಬಿಣಕ್ಕೂ ಗಾಲಿಯ ಕಬ್ಬಿಣಕ್ಕೂ ನಡುವೆ ರಬ್ಬರಿನ ತುಂಡುಗಳು ಕೂತಿರುತ್ತವೆ. ಎಳೆತದ ಪೆಟ್ಟನ್ನು ಅವು ತಿಂದು, ಕೂತವರಿಗೆ ತಟ್ಟದಂತೆ ಮಾಡುತ್ತವೆ. ನಮ್ಮವು ಪೆಟ್ಟು ತಿಂದು ತಿಂದು ಒಣಗಿದ ಹುಣಸೆ ತೊಳೆಯ ಹಾಗಾಗಿದ್ದವು.

"ಹೊಸಾವು ಹಾಕಪಾ."

"ಈ ಮಾಡೆಲ್ ಬರೂದ ನಿಂತು ಯಾವ ಕಾಲ ಆತ್ರಿ! ಸದ್ಯಕ್ಕ ಹಳೇ ಟ್ಯೂಬ್ ಕತ್ತರಿಸಿ ತುರುಕ್ತೇನಿ. ಊರತನಕ ಹೋಗ್ರಿ. ಅಷ್ಟರಾಗ ಎಲ್ಲೆರ ಸಿಗ್ತಾವೇನ ನೋಡ್ತೇನಿ."

ಟ್ಯೂಬಿನ ತುಂಡುಗಳು ಊರತನಕವೂ ಬರಲಿಲ್ಲ. ಕೆರೆ ಕಾಣುವ ಹೊತ್ತಿಗೆ ಗಾಲಿ ಅವನ್ನು ಅಗಿದು ಉಗುಳಿತ್ತು. ಮತ್ತೆ ಅದೇ ಧಡ್, ಅದೇ ನರಳಾಟ. ದುಂಡಸಿಗೆ ಹೋಗಬೇಕಾದವರು ಮನೆಗೆ ಬಂದು ಇಳಿದೆವು.

ಪಕ್ಕದ ಮನೆಯವರ ಹೊಸ ಗಾಡಿಯನ್ನು ತಂದು ನೋಡಿದೆ. ಅದರ ಹಿಂದಿನ ಸೀಟು ಅಟ್ಟದಷ್ಟು ಎತ್ತರ. ಇಬ್ಬರು ಎತ್ತಿ ಕೂರಿಸಲು ಹೋದರೆ ಅಣ್ಣ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದ.

ಶುಕ್ರವಾರ ಮಿಸ್ತ್ರಿ ಹಾನಗಲ್ಲಿನ ಅಂಗಡಿಗಳಿಗೆಲ್ಲ ಫೋನು ಮಾಡಿದ. ಶನಿವಾರ ಸವಣೂರಿನ ಒಂದು ಅಂಗಡಿಯಲ್ಲಿ ಸಿಕ್ಕವು. ಸವಣೂರಿನ ಬಸ್ಸಿನ ಡ್ರೈವರ ಕೈಯಲ್ಲಿ ಹಾನಗಲ್ಲಿಗೆ, ಅಲ್ಲಿಂದ ಇನ್ನೊಬ್ಬ ಡ್ರೈವರ ಕೈಯಲ್ಲಿ ಹಿರೇಕೆರೂರಿಗೆ ಎಂದು ವ್ಯವಸ್ಥೆಯಾಯಿತು. ನಮ್ಮ ಕಡೆ ಔಷಧಿ, ಜಾತಕ, ಹೊಲಿದ ಕುಪ್ಪಸ ಎಲ್ಲ ಹೀಗೇ ಓಡಾಡುತ್ತವೆ. ರವಿವಾರ ಮಧ್ಯಾಹ್ನ ಪೊಟ್ಟಣ ಬಂತು, ನಾನೊಬ್ಬನೇ ಗಾಡಿ ಒಯ್ದೆ. ಯಾರದೋ ಎಲೆಯ ಪೆಂಡಿಯ ಜೊತೆ ಬಂದದ್ದರಿಂದ ರಬ್ಬರಿಗೆ ವೀಳ್ಯದೆಲೆಯ ವಾಸನೆ ಹತ್ತಿತ್ತು.

ಹೊಸ ರಬ್ಬರು ಒಳಗೆ ಕೂರಲು ಒಪ್ಪಲಿಲ್ಲ. ಮಿಸ್ತ್ರಿ ಸಬಕಾರದ ನೀರು ಸವರಿ ಅಂಗೈಯಿಂದ ಗುದ್ದಿದ.

"ಹೊಸಾ ಅಳಿಯಾ ಇದ್ದಂಗ್ರಿ. ಮೊದಲ ಸೊಕ್ಕ ಮಾಡ್ತಾವು. ಒಮ್ಮೆ ಒಳಗ ಕುಂತ್ರ ಎಬ್ಬಸಾಕ ಆಗೂದಿಲ್ಲ."

ಗಾಲಿ ಕೂತು, ಚೈನು ಬಿಗಿದು, ನಾನು ಮಾಸೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಣ್ಣ ಅಂಗಳಕ್ಕೆ ಬಂದು ಹತ್ತಿ ಕೂತ. ಕೆರೆಯ ದಾರಿಯಲ್ಲಿ ಒಂದು ಸುತ್ತು ಒಯ್ದೆ. ಬೇಕೆಂದೇ ಎಕ್ಸಲೇಟರು ಬಿಟ್ಟು ಕೊಟ್ಟು ಮಾಡಿದೆ. ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು.

"ಈಗ ಹೆಗಲ ಸರಿ ಆತ ನೋಡು," ಅಂದ ಅಣ್ಣ, ಎತ್ತಿನ ಮಾತು ಆಡುವ ಹಾಗೆ.

"ಹಂಗಾರ ಮುಂಜಾನೆ ಬೆಳಕ ಹರಿಯೂದರಾಗ ಹೊಂಡೂಣು."

"ನಾಳೆ ಸ್ವಾಮಾರ."

ನಾನು ನಕ್ಕೆ. ಅವನು ನಗಲಿಲ್ಲ. ಇಳಿದು, ಕೀಲಿಕೈ ಇಸಿದುಕೊಂಡು ಒಳಗೆ ನಡೆದ. ಅಣ್ಣನ ಹೆಂಡತಿ, ನಮ್ಮ ವೈನಿ, ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

"ಅಲ್ಲಿ ನಿಮ್ಮಕ್ಕ ಬಾಗಲಾ ನೋಡಕೋಂತ ಬಿದ್ದಾಳ. ನಿಮ್ಮ ಹೊಟ್ಟ್ಯಾಗ ಇಷ್ಟದ್ದು ಬ್ಯಾನಿ. ಆ ಕಬ್ಬಿಣಕ್ಕ ಎಲ್ಲಿ ಸ್ವಾಮಾರರೀ? ಅದೇನ ಮೆಲಕ ಹಾಕತೈತೇನು?"

"ಶ್ರಾವಣ ಸ್ವಾಮಾರ ಅದು."

"ಅಣ್ಣಾ," ಅಂದೆ, "ಬ್ಯಾನಿ ಬಿದ್ದವರಿಗೆ ಶಾಸ್ತ್ರ ಬಿಡತೈತಿ. ಪಾಪ ಏನರ ಇದ್ದರ ನನ್ನ ತಲಿಗೆ ಇರಲಿ. ಹೊಡಿಯಾಂವ ನಾನು."

ಅಣ್ಣ ಕಂಬವನ್ನು ತಬ್ಬಿ ಕೂತಿದ್ದ. ಹಣೆ ಕಂಬಕ್ಕೆ ಹಚ್ಚಿಯೇ ಉತ್ತರ ಕೊಟ್ಟ.

"ನನ್ನ ಸಲುವಾಗಿ ಅಲ್ಲಲೇ. ನನಗೇನ ಆಗೂದು ಉಳದೈತಿ? ಇಷ್ಟ ವರ್ಷ ನಡಿಸಿಕೊಂಡ ಬಂದದ್ದು ನಾಳೆ ಮುರದು, ಅಲ್ಲಿ ಅಕ್ಕಗ ಏನರ ಆದ್ರ? ವಾರ ಮುರದ ಮಾರಿ ತಗೊಂಡು ಅಕಿ ಮುಂದ ಹೆಂಗ ಕುಂದರ್ಲಿ? ಮಂಗಳಾರ ಹೋಗೂಣು. ಒಂದ ದಿನ."

ಇದಕ್ಕೆ ಉತ್ತರ ವೈನಿಯ ಬಳಿ ಇತ್ತು, ಆದರೆ ಅವಳು ಅದನ್ನು ಸೌಟಿನ ಸಮೇತ ಒಳಗೆ ಒಯ್ದಳು.

ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಅಣ್ಣ ಗಾಡಿಗೆ ತಾನೇ ವಿಭೂತಿ ಹಚ್ಚಿದ. ಬಗ್ಗಲು ಆಗದೆ ಒಂದು ಕೈಯಿಂದ ಸೀಟು ಹಿಡಿದಿದ್ದ. ಆಮೇಲೆ ನನ್ನನ್ನು ಕರೆದು, ಅಕ್ಕನಿಗೆ ಹೇಳಬೇಕಾದದ್ದನ್ನು ಹೇಳಿ ನೋಡಿದ. ಮೊದಲು ರೋಗದ ಸುದ್ದಿ ಹೇಳಬೇಕೋ, ಪಂಚಮಿಯ ಮಾತು ತೆಗೆಯಬೇಕೋ ಎಂದು ಕೇಳಿದ. ಪಂಚಮಿಯದು ಮೊದಲು ಹೇಳು ಅಂದೆ. ಅದೇ ಸರಿ ಎಂದು ಅವನಿಗೂ ಕಂಡಿತು.

ನಾವು ಉಣ್ಣುತ್ತಿದ್ದಾಗ ಅಕ್ಕನ ಮಗನ ಫೋನು ಬಂತು. ಅವನು ಮಾತಾಡುವ ಮೊದಲೇ ಹಿಂದಿನಿಂದ ಹೆಂಗಸರ ಅಳು ಕೇಳಿಸಿತು.

"ಅವ್ವ ಹ್ವಾದ್ಳ್ರಿ ಮಾಮಾ. ಈಗಷ್ಟ."

ಅಣ್ಣನಿಗೆ ಹೇಳುವ ಕೆಲಸ ಉಳಿದಿರಲಿಲ್ಲ. ಅವನು ತಟ್ಟೆಯಲ್ಲಿ ಕೈ ತೊಳೆದುಕೊಂಡ. ನಾನೇ ಕೇಳಿದೆ.

"ಈಗ ಹೊಂಡೂಣೇನು?"

ಅಣ್ಣ ಕೊಟ್ಟಿಗೆಯ ಕಡೆ ನೋಡಿದ. ವಿಭೂತಿ ಇನ್ನೂ ಹಸಿಯಾಗಿತ್ತು.

"ಈಗ ಯಾತರ ಅವಸರ?" ಅಂದ. "ಮಣ್ಣಿಗೆ ಹೋದ್ರಾತು. ನಾಳೇನ ಮಣ್ಣ ಮಾಡ್ತಾರ."

ಮಂಗಳವಾರ ಬೆಳಕು ಹರಿಯುವಾಗ ಅವನೇ ಜಗಲಿಯಿಂದ ಕೀಲಿಕೈ ತಂದುಕೊಟ್ಟ. ಹಿರೇಕೆರೂರು ದಾಟಿದೆವು. ಹಾನಗಲ್ಲಿನಲ್ಲಿ ಇಳಿಸಿ ಚಹಾ ಕುಡಿಸಿದೆ, ಅರ್ಧ ಕುಡಿದು ಇಟ್ಟ. ಅಲ್ಲಿಂದ ಮುಂದೆ ಅವನ ತಲೆ ನನ್ನ ಬೆನ್ನ ಮೇಲೆ ಇದ್ದಲ್ಲಿಂದ ಕದಲಲಿಲ್ಲ. ನಿದ್ದೆ ಹತ್ತಿತೋ ಏನೋ ಎಂದು ಹೆದರಿ ಶಿಗ್ಗಾಂವಿಯ ಹತ್ತಿರ ಕೂಗಿ ಕೇಳಿದೆ.

"ಅಣ್ಣಾ, ನೋವು ಐತೇನು?"

"ಇಲ್ಲ. ನೀ ಹೊಡಿ."

ಮಣ್ಣಿಗೆ ಎತ್ತುವ ಮೊದಲು ದುಂಡಸಿ ಮುಟ್ಟಿದೆವು. ದಾರಿಯುದ್ದಕ್ಕೂ ಗಾಡಿ ಎಲ್ಲಿಯೂ ಜಗ್ಗಲಿಲ್ಲ.