ಹೊಳೆ ದಾಟುವ ಅಧ್ಯಾಯ

ಶಹಾಪುರದ ನಮ್ಮ ಓಣಿಯ ಮಠದಲ್ಲಿ ಶ್ರಾವಣದ ಪುರಾಣ ಹೇಳುವ ಸೇವೆ ಮೂವತ್ತು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದಾಗ ಹಿಡಿದದ್ದು, ನಿವೃತ್ತನಾದ ಮೇಲೂ ಬಿಡಲಿಲ್ಲ. ಷಟ್ಪದಿಯ ಒಂದೊಂದು ಪದ್ಯವನ್ನು ರಾಗವಾಗಿ ಓದಿ ನಾನು ಅರ್ಥ ಹೇಳುತ್ತೇನೆ. ಸುರಪುರದಿಂದ ದಿನವೂ ಬಸ್ಸಿನಲ್ಲಿ ಬರುವ, ನನಗಿಂತ ಹಿರಿಯರಾದ ತಬಲಾವಾದಕರೊಬ್ಬರು ಜೊತೆಗೆ ನುಡಿಸುತ್ತಾರೆ. ತಿಂಗಳ ಕೊನೆಯ ದಿನ ಮಂಗಳ. ಅಂದು ಪುರಾಣ ಹೇಳುವವನೂ ಕೇಳುವವರಲ್ಲಿ ಬಹುತೇಕರೂ ಬೆಳಗಿನಿಂದ ಉಪವಾಸವಿದ್ದು, ಮಂಗಳಾರತಿಯಾದ ಮೇಲೆಯೇ ಪ್ರಸಾದಕ್ಕೆ ಕೂರುವುದು ಹಿಂದಿನಿಂದ ನಡೆದು ಬಂದ ಪದ್ಧತಿ.

ನಾವು ಓದುವ ಪುರಾಣದ ಕೊನೆಯ ಅಧ್ಯಾಯದಲ್ಲಿ ಒಬ್ಬ ಶರಣ ತುಂಬಿ ಹರಿಯುವ ಹೊಳೆಯನ್ನು ನಡೆದು ದಾಟುತ್ತಾನೆ. ಆಚೆಯ ದಂಡೆಯಲ್ಲಿ ಹಸಿದ ಜಂಗಮರು ಕಾದಿದ್ದಾರೆ; ಶರಣನ ತಲೆಯ ಮೇಲೆ ಅನ್ನದ ಬುಟ್ಟಿಯಿದೆ. ಈ ಪ್ರಸಂಗಕ್ಕೆ ನಾನು ಪ್ರತಿವರ್ಷವೂ ಒಂದು ತಾಸು ಅರ್ಥ ಹೇಳುತ್ತಿದ್ದೆ. ನಂಬಿದವನಿಗೆ ಅಂಜಿಕೆ ಎಲ್ಲಿಯದು, ಅಂಜಿದವನಿಗೆ ನಂಬಿಕೆ ಎಲ್ಲಿಯದು ಎಂದು ಧ್ವನಿ ಏರಿಸಿದಾಗ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ನನಗೆ ಸಲ್ಲುವ ಮಾತೇ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಸಲ್ಲದೆಂಬುದಕ್ಕೆ ಸಾಕ್ಷಿ ಹಿಂದೆಯೇ ಇತ್ತು. ಶಾಲೆಯ ಮಕ್ಕಳನ್ನು ವನದುರ್ಗದ ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಬುತ್ತಿಗಂಟುಗಳ ಕಾವಲಿಗೆಂದು ಕೆಳಗೇ ಉಳಿಯುತ್ತಿದ್ದೆ. ಎತ್ತರ ಎಂದರೆ ನನಗೆ ಚಿಕ್ಕಂದಿನಿಂದಲೂ ಅಂಜಿಕೆ. ಮಕ್ಕಳು ಅದನ್ನು ಗುರುಗಳ ಜವಾಬ್ದಾರಿ ಎಂದು ತಿಳಿದರು. ನಾನೂ ಹಾಗೆಯೇ ತಿಳಿದುಕೊಂಡೆ.

ಈ ಸಲದ ಶ್ರಾವಣದಲ್ಲಿ, ಮಂಗಳಕ್ಕೆ ಒಂದು ದಿನ ಮುಂಚೆ, ಬೆಂಗಳೂರಿನ ಕಣ್ಣಿನ ವೈದ್ಯರು ನನ್ನ ಮನೆಯವಳನ್ನು ತಪಾಸಣೆಗೆ ಕರೆದರು. ಬೇಸಿಗೆಯಲ್ಲಿ ಅವಳ ಎರಡೂ ಕಣ್ಣುಗಳ ಪೊರೆ ತೆಗೆದಿದ್ದರು. ರೈಲಿನಲ್ಲಿ ಹೋದರೆ ಎರಡು ರಾತ್ರಿ ಬೇಕು, ಪುರಾಣ ಎರಡು ದಿನ ನಿಲ್ಲಬೇಕು. ಆದ್ದರಿಂದ ಮಠದ ಕಮಿಟಿಯವರೇ ಕಲಬುರಗಿಯಿಂದ ವಿಮಾನದ ಟಿಕೀಟು ತೆಗೆಸಿದರು. ನಾನಿಲ್ಲದ ಒಂದು ಸಂಜೆ ಭಜನೆ ಮಾಡಿ, ಮಂಗಳದ ದಿನ ನಾಲ್ಕು ಗಂಟೆಗೆ ನಾನು ಗದ್ದುಗೆಯೇರುವುದೆಂದು ಗೊತ್ತುಮಾಡಿದರು. ಹೋಗುವಾಗ ಆಕಾಶ ತಿಳಿಯಾಗಿತ್ತು. ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ಧ್ಯಾನವೆಂದು ಅವಳು ನನ್ನನ್ನು ಮಾತನಾಡಿಸಲಿಲ್ಲ.

ಮರುದಿನ, ಮಂಗಳದ ಬೆಳಿಗ್ಗೆ, ಬರುವಾಗ ಹಾಗಾಗಲಿಲ್ಲ. ಬೆಂಗಳೂರು ಬಿಟ್ಟ ಅರ್ಧ ಗಂಟೆಗೆ ವಿಮಾನ ಅಲುಗಿತು. ಮೊದಲು ಕಲ್ಲುದಾರಿಯ ಬಂಡಿಯಂತೆ ಸಣ್ಣಗೆ, ಆಮೇಲೆ ಯಾರೋ ಕೈಬಿಟ್ಟ ಕೊಡದಂತೆ ಒಮ್ಮೆಲೇ ಕೆಳಕ್ಕೆ. ಹಿಂದಿನ ಸಾಲಿನಲ್ಲಿ ಕೂಸೊಂದು ಚೀರಿತು. ನಾನು ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡು ಪಂಚಾಕ್ಷರಿ ಆರಂಭಿಸಿದೆ. ಎಂಟನೆಯ ವಯಸ್ಸಿನಿಂದ ಜಪಿಸಿಕೊಂಡು ಬಂದ ಮಂತ್ರ. ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮತ್ತೊಂದು ಕುಲುಕು; ಮುಂದಿನ ಅಕ್ಷರ ನಾಲಿಗೆಗೆ ಬರಲಿಲ್ಲ. ಮತ್ತೆ ಮೊದಲಿನಿಂದ ಹಿಡಿದೆ, ಮತ್ತೆ ಅಲ್ಲಿಯೇ ಕಡಿಯಿತು. ಐದಕ್ಷರವನ್ನು ಕೂಡಿಸಲಾರದವನು ನೂರು ಪದ್ಯಕ್ಕೆ ಅರ್ಥ ಹೇಳುವವನಾಗಿ ಊರಿಗೆ ಹೊರಟಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಂಜಿಕೆಗಿಂತ ಕಡಿಮೆಯದಾಗಿರಲಿಲ್ಲ. ಆದರೆ ಆ ಸಿಟ್ಟು ಅಂಜಿಕೆಯನ್ನು ಕಿಂಚಿತ್ತೂ ತಗ್ಗಿಸಲಿಲ್ಲ.

ಕಿಟಕಿಯ ಪಕ್ಕದಲ್ಲಿದ್ದ ಅವಳು ಕಪ್ಪು ಕನ್ನಡಕವನ್ನು ಹಣೆಗೇರಿಸಿ ಗಾಜಿಗೆ ಮೂಗು ಹಚ್ಚಿದ್ದಳು.

"ಇಲ್ಲಿ ನೋಡ್ರಿ, ಹಿಂಜಿದ ಹತ್ತಿ ಅರಳಿ ರಾಶಿ ಸುರುವಿದಂಗ ಅದ. ನಡುವ ಮಿಂಚು ಬ್ಯಾರೆ."

"ನೀ ಸುಮ್ಮನೆ ಕೂಡು."

"ನೋಡ್ರೀ ಒಮ್ಮೆ. ಮಿಂಚು ಕೆಳಗ ಹೊಡ್ಯಾಕತ್ತೇದ, ನಾವು ಮ್ಯಾಲ ಅದೀವಿ."

ಅದಕ್ಕಿಂತ ಅಸಹ್ಯವಾದ ಸಮಾಧಾನವನ್ನು ನಾನು ಕೇಳಿರಲಿಲ್ಲ. ವಿಮಾನದ ಹುಡುಗಿಯೊಬ್ಬಳು ಸೀಟುಗಳನ್ನು ಹಿಡಿದುಕೊಳ್ಳುತ್ತ ಬಂದು, "ತಾತ, ಏನೂ ಆಗಲ್ಲ, ಬೆಲ್ಟ್ ಹಾಕ್ಕೊಂಡಿದೀರಲ್ವಾ, ಉಸಿರು ನಿಧಾನವಾಗಿ ತಗೊಳ್ಳಿ, ನೀರು ಕೊಡ್ಲಾ?" ಎಂದಳು. ಅಂದು ನನಗೆ ನೀರೂ ಇಲ್ಲ. ಉಸಿರಾಟದ ವಿಷಯವಾಗಿ ಪ್ರಾಣಾಯಾಮದ ಎರಡು ಗ್ರಂಥಗಳನ್ನು ಓದಿದ್ದ ನಾನು ಆ ಹುಡುಗಿ ಹೇಳಿದಂತೆ ಉಸಿರೆಳೆದೆ. ಎರಡು ಗ್ರಂಥಗಳೂ ನೆರವಿಗೆ ಬರಲಿಲ್ಲ.

ಕಲಬುರಗಿಯ ಮೇಲೆ ಮೂರು ಸುತ್ತು ಹಾಕಿ, ಮಳೆಯಿಂದ ಕೆಳಗಿನ ದಾರಿ ಕಾಣುತ್ತಿಲ್ಲವೆಂದು ವಿಮಾನವನ್ನು ಹೈದರಾಬಾದಿಗೆ ಒಯ್ದು ಇಳಿಸಿದರು. ಅಲ್ಲಿ ನಿಂತಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಮಳೆ ತೆರಪು ಕೊಟ್ಟೊಡನೆ ಇದೇ ವಿಮಾನ ಕಲಬುರಗಿಗೆ ಮರಳುವುದು. ಇಳಿಯಬೇಕೆನ್ನುವವರು ಇಲ್ಲಿಯೇ ಇಳಿಯಬಹುದು, ಇಳಿದವರು ಮತ್ತೆ ಹತ್ತುವಂತಿಲ್ಲ ಎಂದು ಸಾರಿದರು. ಕಲಬುರಗಿಯಲ್ಲಿ ಮಠದ ಕಾರು ನಮಗಾಗಿ ಕಾದಿತ್ತು. ಎರಡು ಗಂಟೆಯೊಳಗೆ ಅಲ್ಲಿಳಿದರೆ ನಾಲ್ಕೂವರೆಗಾದರೂ ಶಹಾಪುರ. ಇಲ್ಲಿಂದ ಗುರುಮಠಕಲ್, ಯಾದಗಿರಿ ಹಾಯ್ದು ರಸ್ತೆ ಹಿಡಿದರೆ ಸಂಜೆಯಾಗುವುದು ಖಚಿತ. ಲೆಕ್ಕ ಸ್ಪಷ್ಟವಾಗಿತ್ತು. ಆದರೆ ನನ್ನ ಕೈ ಆಗಲೇ ಬೆಲ್ಟು ಬಿಚ್ಚಿತ್ತು.

"ಏಳು, ಇಳಿಯೋಣ" ಎಂದೆ.

"ಯಾಕ್ರಿ? ಹೋಗ್ತದ ಅಂತ ಹೇಳಾಕತ್ತಾರಲ್ಲ."

"ಯಾವಾಗ ಹೋಗುತ್ತದೋ, ಏನೋ. ಮಂದಿ ಕಾಯುತ್ತಾರೆ."

ಅವಳು ನನ್ನ ಮುಖವನ್ನು ನೋಡಿದಳು. ಪೊರೆ ತೆಗೆದ ಮೇಲೆ ಅವಳಿಗೆ ಬಹಳ ಕಾಣುತ್ತದೆ.

"ಮಂದಿ ಸಲುವಾಗಿ ಅಲ್ರಿ ಇದು" ಎಂದಳು ಮೆಲ್ಲಗೆ. "ಇಳಿಯೂದಿದ್ರ ನೀವು ಇಳೀರಿ. ನಾ ಹೋಗಾಕಿ. ಅಲ್ಲಿ ಕಾರು ನಿಂತದ, ಒಬ್ಬರರ ಮುಟ್ಟಿ ಸುದ್ದಿ ಹೇಳಬೇಕಲ್ಲ."

ನಾನು ಇಳಿದೆ. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳನ್ನು ನಡುದಾರಿಯಲ್ಲಿ ಬಿಟ್ಟದ್ದು ಅದೇ ಮೊದಲು. ಪುರಾಣದ ಗ್ರಂಥವಿದ್ದ ಚೀಲವನ್ನು ಮಾತ್ರ ಹೆಗಲಿಗೆ ಹಾಕಿಕೊಂಡಿದ್ದೆ.

ನನ್ನೊಂದಿಗೆ ಇಳಿದ ಇನ್ನೊಬ್ಬರು ಗುರುಮಠಕಲ್ಲಿನ ಕಾಳಿನ ವ್ಯಾಪಾರಿ. ಇಬ್ಬರೂ ಕೂಡಿ ಒಂದು ಬಾಡಿಗೆ ಕಾರು ಹಿಡಿದೆವು. ಹೆದ್ದಾರಿ ಹಿಡಿಯುವಷ್ಟರಲ್ಲಿ ಅವರು ಕೇಳಿದರು: "ನೀವೂ ಗುರುಮಠಕಲ್‌ದವ್ರೇನ್ರಿ?"

"ಅಲ್ಲ, ಶಹಾಪುರ."

"ಮತ್ತ ಇಲ್ಯಾಕ ಇಳಿದ್ರಿ? ನನಗಂದ್ರ ಈ ದಾರಿ ಸಮೀಪ. ನಿಮಗ ವಿಮಾನ ನೆಟ್ಟಗ ಕಲಬುರಗಿಗೇ ಹೊಂಟಿತ್ತಲ್ಲ!"

"ದಾರಿಯಲ್ಲಿ ಒಂದು ಕೆಲಸವಿದೆ" ಎಂದೆ. ಉಪವಾಸದ ದಿನ, ಲಿಂಗದ ಮೇಲೆ ಕೈಯಿಟ್ಟುಕೊಂಡೇ ಆಡಿದ ಸುಳ್ಳು. ಆ ಮನುಷ್ಯ ಪುಣ್ಯಾತ್ಮ. ದಾರಿಯುದ್ದಕ್ಕೂ ಒಂದೊಂದು ಊರು ಬಂದಾಗ, "ನಿಮ್ಮ ಕೆಲಸ ಇಲ್ಲೇನ್ರಿ? ಗಾಡಿ ನಿಲ್ಲಸಲೇನು?" ಎಂದು ಕಾಳಜಿಯಿಂದ ಕೇಳಿದರು. ಪ್ರತಿಸಲವೂ ನಾನು, "ಮುಂದೆ ಇದೆ" ಎಂದೆ.

ಮಹಬೂಬನಗರ ದಾಟುವ ಮೊದಲೇ ಫೋನು ಬಂತು.

"ನಾ ಇಳಿದ್ನಿರಿ. ಮಳಿ ನಿಂತು ಬಿಸಲು ಬಿದ್ದದ. ಅರ್ಧ ತಾಸೂ ಹಿಡೀಲಿಲ್ಲ ನೋಡ್ರಿ. ನೀವೆಲ್ಲದೀರಿ?"

ಊರಿನ ಹೆಸರು ಹೇಳಿದೆ. "ಸಾವಕಾಶ ಬರ್ರಿ" ಎಂದು ಅವಳು ಫೋನು ಇಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು.

ಗುರುಮಠಕಲ್ಲಿನ ಸಮೀಪ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ನೀರು ಇಳಿಯುವವರೆಗೆ ಒಂದು ತಾಸಿಗೂ ಹೆಚ್ಚು ನಿಂತೆವು. ವ್ಯಾಪಾರಿ ತಮ್ಮ ಊರಿನಲ್ಲಿ ಇಳಿದುಕೊಂಡ ಮೇಲೆ ನಾನೊಬ್ಬನೇ. ಅಲ್ಲಿಂದ ಯಾದಗಿರಿಯವರೆಗಿನ ಗುಂಡಿಗಳಲ್ಲಿ ಕಾರು ಎದ್ದು ಬಿದ್ದು ಹೋಯಿತು. ಎರಡು ಸಲ ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು. ಎದುರಿನ ಲಾರಿಯೊಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಆ ಕುಲುಕಾಟ ವಿಮಾನದಲ್ಲಿ ಆದದ್ದರ ನಾಲ್ಕು ಪಾಲು. ಅಷ್ಟರಲ್ಲಿಯೂ ಪಂಚಾಕ್ಷರಿ ಎಲ್ಲಿಯೂ ತಡವರಿಸದೆ ನೀರು ಹರಿದಂತೆ ಹರಿಯಿತು. ಅದು ನನ್ನನ್ನು ಮತ್ತಷ್ಟು ಕೆರಳಿಸಿತು. ಮಣ್ಣಿನ ಮೇಲೆ ಮಾತ್ರ ಒದಗುವ ಮಂತ್ರವನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಮಠದ ಮುಂದೆ ಕಾರು ನಿಂತಾಗ ಏಳು ಗಂಟೆ ದಾಟಿತ್ತು. ಒಳಗೆ ಭಜನೆ ನಡೆದಿತ್ತು. ಹಾಡುವವರ ಧ್ವನಿ ಒಣಗಿತ್ತು. ಯಾರೊಬ್ಬರೂ ಎದ್ದು ಹೋಗಿರಲಿಲ್ಲ. ಅಡಿಗೆಯ ಮನೆಯಲ್ಲಿ ಹುಗ್ಗಿಯ ಹಂಡೆಗೆ ಮುಚ್ಚಿದ ತಟ್ಟೆ ಹಾಗೆಯೇ ಇತ್ತು. ತಬಲಾದ ಹಿರಿಯರು ನನ್ನನ್ನು ಕಂಡು ಕೈ ನಿಲ್ಲಿಸಿದರು.

"ಬರ್ರಿ ಶಾಸ್ತ್ರಿಗಳ. ನಾ ಸುರಪುರದ ಬಸ್ಸಿನ್ಯಾಗ ಬಂದು ಮೂರು ತಾಸಾತು. ನೀವು ವಿಮಾನದಾಗ ಬಂದವ್ರು, ಇಷ್ಟು ಲಗೂನ ಹೆಂಗ ಬಂದ್ರಿ?"

ಮಂದಿ ನಕ್ಕರು. ನಾನು ಹೆಂಗಸರ ಸಾಲಿನಲ್ಲಿ ಕುಳಿತಿದ್ದ ನನ್ನ ಮನೆಯವಳ ಹತ್ತಿರ ಹೋಗಿ ಬಾಗಿ ಕೇಳಿದೆ: "ಇವರಿಗೆ ಏನೆಂದು ಹೇಳಿದ್ದೀ?"

"ಇದ್ದದ್ದ ಹೇಳಿನ್ರಿ. ಅಂಜಿ ಇಳಿದ್ರು ಅಂದ್ನಿ."

"ಎಲ್ಲರಿಗೂ?"

"ಮೈಕಿನ್ಯಾಗ ಕೇಳಿದ್ರು, ಮೈಕಿನ್ಯಾಗ ಹೇಳಿದ್ನಿ. ಸುಳ್ಳು ಹೇಳಾಕ ಇದು ಮಠ ಅಲ್ಲೇನ್ರಿ?"

ಗದ್ದುಗೆಯ ಮುಂದೆ ಬಂದು ನಿಂತೆ, ಹತ್ತಲಿಲ್ಲ. ಹೊಳೆ ದಾಟುವ ಅಧ್ಯಾಯವನ್ನು ಇಂದು ಯಾವ ಮುಖದಿಂದ ಹೇಳುವುದು? ಕಮಿಟಿಯ ಹಿರಿಯರಿಗೆ ಕೈ ಮುಗಿದು, ಇಂದು ಬೇರೆಯವರು ಓದಲಿ, ನಾನು ಕೆಳಗೆ ಕುಳಿತು ಕೇಳುತ್ತೇನೆ ಎಂದೆ. ಅವರು ಉತ್ತರ ಕೊಡುವ ಮೊದಲೇ, ಮೂವತ್ತು ವರ್ಷದಿಂದ ಮುಂದಿನ ಸಾಲಿನಲ್ಲಿ ಕೂಡುವ ಅಜ್ಜಿಯೊಬ್ಬಳು ಗದರಿದಳು:

"ಅಂಜಿದ್ರ ಅಂಜೀರಿ ಬಿಡೋ ಯಪ್ಪಾ! ನಾ ಲಿಫ್ಟಿನ್ಯಾಗ ಹತ್ತಾಕ ಅಂಜ್ತೀನಿ. ಹಸಿವಿನಿಂದ ಕಣ್ಣು ಕತ್ತಲಿ ಬರಾಕತ್ತಾವ. ಹತ್ತಿ ಕುಂದರ್ರಿ, ಮಂಗಳ ಮಾಡ್ರಿ!"

ನಾನು ಕುಳಿತು ಗ್ರಂಥ ಬಿಚ್ಚಿದೆ. ಪದ್ಯಗಳನ್ನು ಓದುತ್ತ ಹೋದಂತೆ, ನಾನು ಒಂದು ತಾಸು ವಿಸ್ತರಿಸುತ್ತಿದ್ದ ಆ ಮಾತಿನ ಆಧಾರವನ್ನು ಹುಡುಕಿದೆ. ಅಂಜಲಿಲ್ಲ ಎಂದು ಕವಿ ಎಲ್ಲಿ ಹೇಳಿದ್ದಾನೆ? ಒಮ್ಮೆ ಓದಿ, ಹಿಂದಕ್ಕೆ ಬಂದು ಮತ್ತೊಮ್ಮೆ ಓದಿದೆ. ತಬಲಾದವರು ನನ್ನ ಕಡೆ ನೋಡಿದರು. ಎಲ್ಲಿಯೂ ಇರಲಿಲ್ಲ. ಮೂರು ಪದ್ಯಗಳಲ್ಲಿ ಆಚೆಯ ದಂಡೆಯವರ ಹಸಿವಿನ ವರ್ಣನೆ. ಶರಣ ನೀರಿಗಿಳಿದ, ದಾಟಿದ ಎಂಬುದಕ್ಕೆ ಅರ್ಧ ಸಾಲು. ಅವನ ಕಾಲು ನಡುಗಿತೋ ಇಲ್ಲವೋ ಕವಿಗೆ ಬೇಕಾಗಿರಲಿಲ್ಲ. ಅಂಜಿಕೆಯಿಲ್ಲದವನನ್ನು ಮೂವತ್ತು ವರ್ಷ ಆ ಹೊಳೆಗೆ ಇಳಿಸಿದವನು ನಾನು, ವನದುರ್ಗದ ಕೆಳಗೆ ಬುತ್ತಿ ಕಾಯ್ದವನು.

ಪದಗಳ ಅರ್ಥವನ್ನಷ್ಟೇ ಹೇಳಿ ಕಾಲು ತಾಸಿನಲ್ಲಿ ಮುಗಿಸಿದೆ. ಮಂಗಳಾರತಿಯಾಯಿತು. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ, ಎಲ್ಲರೂ ಊಟಕ್ಕೆ ಎದ್ದರು. ತಬಲಾದ ಹಿರಿಯರು, "ಈ ವರ್ಷ ಛಲೋ ಹೇಳಿದ್ರಿ, ಬಸ್ಸು ಸಿಗ್ತದ" ಎಂದು ನಿಂತಲ್ಲಿಯೇ ಪ್ರಸಾದ ಮುಗಿಸಿ ಹೊರಟರು.

ಮರುದಿನ ಪೂಜೆ ಮುಗಿಸಿ ಎದ್ದಾಗ ಅವಳು ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ನನ್ನ ಮುಂದೆ ಬಂದು ಕುಳಿತಳು. ಕಾರ್ತಿಕದಲ್ಲಿ ಮತ್ತೊಂದು ತಪಾಸಣೆಯಿದೆ.

"ರೈಲಿಗೆ ಮಾಡಸಲೋ, ವಿಮಾನಕ್ಕೋ?" ಎಂದಳು ಮುಖ ಮೇಲೆತ್ತಿಕೊಂಡೇ.

ನನಗೆ ಒಳಗೊಳಗೇ ಸಿಟ್ಟು ಬಂತು. ಅವಳ ಮೇಲೆ ಬಂದದ್ದಲ್ಲವಾದ್ದರಿಂದ ಅದನ್ನು ಹಾಕಲು ಎಲ್ಲಿಯೂ ಜಾಗವಿರಲಿಲ್ಲ. "ಅಲುಗಬೇಡ" ಎಂದೆ. ಬಲಗಣ್ಣಿಗೆ ಒಂದು ಹನಿ, ಎಡಗಣ್ಣಿಗೆ ಒಂದು. ಅವಳು ಕಣ್ಣು ಮುಚ್ಚಿಕೊಂಡು ಉತ್ತರಕ್ಕೆ ಕಾಯುತ್ತ ಕುಳಿತಳು. "ವಿಮಾನಕ್ಕೆ ಮಾಡಿಸು" ಎಂದೆ. "ಕಿಟಕಿ ನಿನಗೇ ಇರಲಿ. ನಡುವೆ ಎಲ್ಲಿಯಾದರೂ ಇಳಿಸಿದರೆ ನನ್ನ ಬೆಲ್ಟಿನ ಮೇಲೆ ನಿನ್ನ ಕೈಯಿಡು."