ರಿಜಿಸ್ಟರಿನ ಮೇಲೊಂದು ರಟ್ಟು

ಬೆಳಗಿನ ಆರೂವರೆ. ಕಲ್ಲುಕ್ವಾರಿ ಕಾರ್ಮಿಕರಿಗೆ ಸುರಕ್ಷತೆಯ ತರಬೇತಿ ಕೊಡುವ ಸರ್ಕಾರಿ ಕೇಂದ್ರವೊಂದು ಸಾಗರದ ಹೊರವಲಯದಲ್ಲಿದೆ. ಅದರ ಬೀಗ ತೆಗೆದ ಯಶೋಧಾ ಮಾಡುವ ಮೊದಲ ಕೆಲಸ ಕಿಟಕಿ ಹಾಕುವುದು. ಬೆಳಗಾದರೆ ಕಿಟಕಿ ತೆಗೆಯುವುದು ಲೋಕರೂಢಿ. ಇಲ್ಲಿ ಹಾಗಲ್ಲ, ಒಳಗಿನ ಮಾತು ಜಗಲಿಗೆ ಕೇಳಬಾರದು. ಎಂಟಕ್ಕೆ ಕ್ವಾರಿ ಸೇರಬೇಕಾದ ಮೂವತ್ತು ಮಂದಿ ಅಲ್ಲಿ ಕಾಯುತ್ತಿದ್ದಾರೆ. "ಹದಿನೇಳು ಬನ್ನಿ" ಎಂದು ಯಶೋಧಾ ಕರೆಯುತ್ತಾರೆ. ಹೆಸರು ಹಿಡಿದು ಯಾರನ್ನೂ ಕರೆಯುವುದಿಲ್ಲ.

ಒಳಗೆ ಬಂದವರ ಮುಂದೆ ರಿಜಿಸ್ಟರು, ಅದರ ಮೇಲೆ ಅಡ್ಡಲಾಗಿ ಒಂದು ರಟ್ಟು. ಸೀರೆಯ ಪೆಟ್ಟಿಗೆಯಿಂದ ಕತ್ತರಿಸಿದ್ದು. ನಡುವೆ ಒಂದೇ ಸಾಲು ಕಾಣುವಷ್ಟು ಸೀಳು. ತರಬೇತಿಯ ದಿನ, ಪ್ರಮಾಣಪತ್ರದ ಸಂಖ್ಯೆ, ಎದೆಯ ಎಕ್ಸ್‌ರೇ ನೋಡಿದ ಡಾಕ್ಟರ ಷರಾ ಎಲ್ಲವೂ ಆ ಸಾಲಿನಲ್ಲಿವೆ. ಹೆಬ್ಬೆಟ್ಟು ಒತ್ತುವವರಿಗೆ ತಮ್ಮ ಸಾಲು ಕಾಣಬೇಕು, ಪಕ್ಕದವರದು ಕಾಣಬಾರದು. ಈ ರಟ್ಟನ್ನು ಸರ್ಕಾರ ಕೊಟ್ಟಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಕಡತ ತೆರೆಯುತ್ತಿತ್ತೇನೋ.

ನಲವತ್ತಾರರ ಯಶೋಧಾ ಹೊನ್ನೆಮರಡು ಕಡೆಯವರು. ಹದಿನಾಲ್ಕು ವರ್ಷದಿಂದ ಹೊರಗುತ್ತಿಗೆಯ ದಾಖಲೆ ಗುಮಾಸ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಆರುನೂರ ನಲವತ್ತು ಕಾರ್ಮಿಕರ ದಾಖಲೆ ಇವರೊಬ್ಬರ ಕೈಯಲ್ಲಿದೆ. ಕಬ್ಬಿಣದ ಬೀರುವಿನ ಬೀಗದಕೈ ಸೊಂಟ ಬಿಟ್ಟು ಇಳಿಯುವುದಿಲ್ಲ. "ನಮ್ಮಪ್ಪ ಮಾಸ್ತಪ್ಪ ಕಲ್ಲು ಒಡೆದೂ ಒಡೆದೂ ಕೆಮ್ಮಿ ಸತ್ರು. ಅವರು ಕ್ವಾರೀಲಿ ದುಡಿದ್ರು ಅನ್ನೋಕೆ ಒಂದು ಚೀಟಿನೂ ಇಲ್ಲ" ಎನ್ನುತ್ತಾರೆ. ಆ ಕೊರತೆಯೇ ಈ ಕೆಲಸಕ್ಕೆ ಎಳೆದು ತಂದಿತಂತೆ.

ರಟ್ಟು ಬಂದದ್ದು ಮಾತ್ರ ಒಂದು ತಪ್ಪಿನಿಂದ. ಅದನ್ನು ಹೇಳುವ ಮೊದಲು ಅವರು ಒಂದು ವಾರ ಸಮಯ ಕೇಳಿದರು. ಕೆರಿಯಮ್ಮ ಎಂಬವರ ಮನೆಗೆ ಹೋಗಿ, ಅವರು ಹೂಂ ಅಂದ ಮೇಲೆಯೇ ಬಾಯಿ ಬಿಟ್ಟರು.

ಕೆರಿಯಮ್ಮನ ಗಂಡ ಭೂತಪ್ಪ ಕಲ್ಲಿಗೆ ಕುಳಿ ಹೊಡೆಯುತ್ತಿದ್ದವರು. ಐದು ವರ್ಷದ ಹಿಂದೆ ಅವರ ಎಕ್ಸ್‌ರೇಯಲ್ಲಿ ಕಲ್ಲಿನ ದೂಳು ಕಂಡಿತು. ಅದೇ ಸಂಜೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತ ಕೆರಿಯಮ್ಮನನ್ನು ಕಂಡು ಯಶೋಧಾಗೆ ತಡೆಯಲಾಗಲಿಲ್ಲ. "'ಅಕ್ಕಾ, ಭೂತಪ್ಪಣ್ಣನ ಎದೆ ಸರಿ ಇಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ' ಅಂದೆ. ಒಳ್ಳೇದಕ್ಕೇ ಹೇಳಿದ್ದು. ಹಿಂದಿನ ಸೀಟಲ್ಲಿ ಕ್ವಾರಿ ಮೇಸ್ತ್ರಿ ಕೂತಿದ್ದ, ನಾನು ತಿರುಗಿ ನೋಡ್ಲಿಲ್ಲ."

ಮರುದಿನವೇ ಕ್ವಾರಿಯವರು ಭೂತಪ್ಪನಿಗೆ ಕೆಲಸಕ್ಕೆ ಬರಬೇಡ ಎಂದರು. ಸುದ್ದಿ ಹಬ್ಬಿ ಸುತ್ತಲಿನ ಕ್ವಾರಿಗಳೂ ಬಾಗಿಲು ಹಾಕಿದವು. ಭೂತಪ್ಪ ಮೂರು ತಿಂಗಳು ಮನೆಯಲ್ಲಿ ಕೂತು, ಕೊನೆಗೆ ತಮ್ಮನಾದ ಬಾಲುವಿನ ಪ್ರಮಾಣಪತ್ರ ಜೇಬಿಗಿಟ್ಟು, ಬಾಲು ಎಂಬ ಹೆಸರಿನಲ್ಲೇ ತೀರ್ಥಹಳ್ಳಿ ಕಡೆಯ ಕ್ವಾರಿಯೊಂದಕ್ಕೆ ಸೇರಿದರು. ಅಣ್ಣನ ಪತ್ರದಲ್ಲಿ ತಮ್ಮ, ತಮ್ಮನ ಪತ್ರದಲ್ಲಿ ಅಣ್ಣ ದುಡಿಯುವುದು ಇಲ್ಲಿ ಹೊಸತೇನಲ್ಲ. ಹದಿನೆಂಟನೇ ದಿನ ಮೇಲಿನ ಬಂಡೆ ಜಾರಿತು. ಜೇಬಿನ ಪತ್ರ ನೋಡಿ ಸತ್ತವನು ಬಾಲು ಎಂದು ಬರೆದರು. ಪತ್ರ ಕೊಟ್ಟಿದ್ದಕ್ಕೆ ಕೇಸಾದೀತೆಂದು ಮನೆಯವರು ಹೆದರಿ ಸುಮ್ಮನಾದರು.

ಹೀಗೆ ಸತ್ತ ಭೂತಪ್ಪ ದಾಖಲೆಯಲ್ಲಿ ಬದುಕಿದ್ದಾರೆ, ಬದುಕಿರುವ ಬಾಲು ಸತ್ತಿದ್ದಾರೆ. ಸತ್ತವರಿಗೆ ತರಬೇತಿ ಇಲ್ಲ, ತರಬೇತಿ ಇಲ್ಲದೆ ಬಾಲುವಿಗೆ ಯಾವ ಕ್ವಾರಿಯಲ್ಲೂ ಕೆಲಸವಿಲ್ಲ. ಹೋದ ವರ್ಷ ಅವರು ಧೈರ್ಯ ಮಾಡಿ ತಪ್ಪೊಪ್ಪಿಗೆ ಬರೆದುಕೊಟ್ಟರು. ಯಶೋಧಾ ಅದನ್ನು ಮೇಲಿನ ಕಚೇರಿಗೆ ತಾವೇ ಒಯ್ದರು. ಎರಡು ತಿಂಗಳಿಗೆ ಕಡತ ವಾಪಸು ಬಂತು: ಅರ್ಜಿದಾರರು ದಾಖಲೆಯಂತೆ ಮೃತರಾಗಿರುವುದರಿಂದ ಸಹಿ ಪರಿಗಣಿಸಲಾಗದು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಯಶೋಧಾ ಅತ್ತರು. ಅತ್ತು, ಮತ್ತೆ ಬರೆದರು. ಈಗ ಮೂರನೇ ಸಲದ ಅರ್ಜಿ ಮೇಲೆ ಹೋಗಿದೆ.

"ಕೆರಿಯಕ್ಕ ಒಂದು ದಿನವೂ ನನ್ನ ಬೈಲಿಲ್ಲ. ಬೈದಿದ್ರೆ ಹಗುರಾಗ್ತಿತ್ತು" ಎನ್ನುತ್ತಾರೆ. ಈಗ ಯಾವ ಮೇಸ್ತ್ರಿ ಫೋನು ಮಾಡಿ ಯಾರಿಗೆ ಎದೆ ರೋಗ ಎಂದು ಕೇಳಿದರೂ ಅವರಿಂದ ಒಂದೇ ಉತ್ತರ: "ನಂಗೆ ಓದೋಕೆ ಬರಲ್ಲ ಸಾರ್."

ಇವತ್ತು ವರ್ಷದ ಮರು ತರಬೇತಿಯ ಹಾಜರಿ. ಕಂಪ್ಯೂಟರು ಕೊಟ್ಟ ಪಟ್ಟಿಯಲ್ಲಿ ನಲವತ್ತೊಂದನೆಯ ಹೆಸರು ಭೂತಪ್ಪ. ಗೈರು ಬರೆಯುವ ಮೊದಲು ಮೂರು ಸಲ ಕರೆಯಬೇಕೆಂಬುದು ನಿಯಮ. ಯಶೋಧಾ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ನಲವತ್ತೊಂದು." ಜಗಲಿಯಲ್ಲಿ ಗೊತ್ತಿದ್ದವರು ತಲೆ ತಗ್ಗಿಸುತ್ತಾರೆ. ಗೇಟಿನ ಹೊರಗೆ, ಪಟ್ಟಿಯಲ್ಲಿಲ್ಲದ ಬಾಲು ನಿಂತಿದ್ದಾರೆ. ಪ್ರತಿ ವರ್ಷವೂ ಈ ದಿನ ಬರುತ್ತಾರೆ. ಎರಡನೆಯ ಸಲ, ಮೂರನೆಯ ಸಲ ಕರೆದು ಯಶೋಧಾ ಒಳಗೆ ಹೋಗಿ, ರಟ್ಟಿನ ಸೀಳನ್ನು ಆ ಸಾಲಿನ ಮೇಲೆ ತಂದು ಗೈರು ಎಂದು ಬರೆಯುತ್ತಾರೆ.

"ಇದು ಐದನೇ ಸಲ" ಎನ್ನುತ್ತಾರೆ ಪೆನ್ನು ಮುಚ್ಚುತ್ತ. "ಭೂತಪ್ಪಣ್ಣ ತೀರಿಹೋದ್ರು ಅಂತ ಅವರ ಹೆಸರಿನ ಮುಂದೆ ನಾನೇ ಬರೀಬೇಕು. ಆಮೇಲೆ ಈ ನಂಬರ್ ಕರೆಯೋದು ತಪ್ಪುತ್ತೆ. ಅಷ್ಟಾದ್ರೆ ಸಾಕು ನಂಗೆ."