ಮೋಟಾರಿನ ಗಂಟು, ಗಿಂಬಲ್ಲಿನ ತಂತಿ

ಸ್ಪಂದನ, ಪವನ, ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಕ್ಯಾಮೆರಾ ಕಂಡರೆ ಅಡುಗೆಮನೆಗೆ ಓಡುವ ನಿಮ್ಮ ಈ ಅಜ್ಜಿಗೆ, ಕ್ಯಾಮೆರಾ ಕೂರಿಸುವ ಆ ಗಿಂಬಲ್ ಮೇಲೆ ಮಾತ್ರ ಮೊದಲ ದಿನದಿಂದ ಕಣ್ಣಿತ್ತು. ಹಿಡಿದವರ ಕೈ ಎಷ್ಟು ಕುಲುಕಿದರೂ ಚಿತ್ರ ಕುಲುಕದಂತೆ, ತಾನೇ ತಲೆಯನ್ನು ಅತ್ತಿತ್ತ ಹೊರಳಿಸಿ ಸಂಭಾಳಿಸುವ ಕೋಲು ಅದು. ಮನೆಗೊಬ್ಬಳು ಅಂಥ ಸೊಸೆ ಸಿಕ್ಕರೆ ಪುಣ್ಯ ಅಂದುಕೊಂಡಿದ್ದೆ.

ಅದರ ಮೊಣಕೈಯ ಹತ್ತಿರ ಸಣ್ಣ ತಂತಿಗಳಿವೆ. ಅವುಗಳ ಮೇಲೆ ನೂಲಿನಲ್ಲಿ ಹೆಣೆದಂಥ ಕರಿ ಕವಚ. ಆ ಕವಚ ಬುಡದಲ್ಲಿ ಸಡಿಲಾಗಿ, ಒಂದನೇ ಕ್ಲಾಸಿನಲ್ಲಿದ್ದಾಗಿನ ಪವನನ ಚಡ್ಡಿಯ ಹಾಗೆ ಜಾರಿ, ಒಳಗಿನ ಕೆಂಪು ಹಳದಿ ತಂತಿ ಹೊರಗೆ ಕಾಣುತ್ತಿತ್ತು. ಉಜ್ಜಿ ಸುಲಿದರೆ ಗಿಂಬಲ್ ಕೆಟ್ಟಂತೆಯೇ. ಮಾರನೇ ದಿನ ಬಿ.ದುರ್ಗದಲ್ಲಿ ಗೃಹಪ್ರವೇಶದ ವಿಡಿಯೊ ಇತ್ತು. ಸ್ಪಂದನ, ಬೇರೆಯವರ ಕೈಕೆಳಗಲ್ಲದೆ ನೀನೇ ಒಪ್ಪಿಕೊಂಡ ಮೊದಲ ಕೆಲಸ. ರಿಪೇರಿಗೆ ಕೊಟ್ಟರೆ ಒಂದು ವಾರ ಅಂದರಂತೆ.

ನೀನು ಟೇಪ್ ಸುತ್ತಲು ಹೊರಟಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಟೇಪ್ ಬ್ಯಾಡ, ಬಿಸಿಲಿಗೆ ಅಂಟು ಬಿಡ್ತೈತೆ. ಇಲ್ಲಿ ಕೊಡು" ಅಂದೆ. ನೀವಿಬ್ಬರೂ ನನ್ನ ಮುಖ ನೋಡಿದಿರಿ.

ನಿಮ್ಮ ಅಜ್ಜ ಹೊಳಲ್ಕೆರೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು, ಅಷ್ಟು ನಿಮಗೆ ಗೊತ್ತು. ಸುತ್ತಿದ ಮೇಲೆ ತುದಿಗಳಿಗೆ ಸ್ಲೀವು ಅನ್ನುವ ಹೆಣೆದ ಕೊಳವೆ ತೊಡಿಸಿ, ದಾರದಿಂದ ಬಿಗಿದು, ಮೇಲೆ ವಾರ್ನಿಷ್ ಕುಡಿಸಬೇಕು. ಆ ದಾರ ಕಟ್ಟುತ್ತಿದ್ದವಳು ನಾನು. ಅಂಗಡಿಯಲ್ಲಿ ಕೂರಲು ನನಗೆ ನಾಚಿಕೆ ಅಂತ ಅವರೇ ಕೆಲಸವನ್ನು ಸೈಕಲ್ ಮೇಲೆ ಹೇರಿಕೊಂಡು ಮನೆಗೆ ತರುತ್ತಿದ್ದರು. ನಮ್ಮ ಊರ ಶಾಲೆಯ ಪುಸ್ತಕದಲ್ಲಿ ಕರೆಂಟಿನ ಪಾಠ ಒಂದೂವರೆ ಪುಟ ಇತ್ತು. ಉಳಿದದ್ದನ್ನು ನನ್ನ ಬೆರಳುಗಳೇ ಕಲಿತವು. "ಒಳಗಿನ ತಂತಿ ಕೂದಲೆಳೆಯಷ್ಟೂ ಅಲ್ಲಾಡಬಾರ್ದು ನೋಡು. ಅಲ್ಲಾಡಿದ್ರೆ ಉಜ್ತೈತೆ, ಉಜ್ಜಿದ್ರೆ ಸುಡ್ತೈತೆ" ಅನ್ನುತ್ತಿದ್ದರು ಅಜ್ಜ. ನನ್ನ ಗಂಟುಗಳು ಎಷ್ಟು ಹೊಲಗಳಿಗೆ ನೀರೆತ್ತಿದವೋ, ಹೊಲದವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದದ್ದೇ ನನಗೆ ಹಿತ ಅಂದುಕೊಂಡಿದ್ದೆ.

ಅಜ್ಜನ ಹಳೆಯ ಸ್ಲೀವಿನ ಡಬ್ಬಿಯಿಂದ ದಾರ ತೆಗೆದು, ಕವಚವನ್ನು ಮೇಲಕ್ಕೆಳೆದು, ಅದೇ ಹಳೆಯ ಗಂಟು ಹಾಕಿ ಬಿಗಿದೆ. ವಾರ್ನಿಷ್ ಬದಲು ಸ್ಪಂದನಳ ನೇಲ್ ಪಾಲಿಶ್. ನನ್ನ ಉಗುರಿಗೆ ಎಂದೂ ತಾಗದ ಗುಲಾಬಿ ಬಣ್ಣ. ಒಣಗಿದ ಮೇಲೆ ಸ್ವಿಚ್ ಒತ್ತಿದಿರಿ. ಗಿಂಬಲ್ ಚಳಿಜ್ವರ ಬಂದಂತೆ ಗಡಗಡ ನಡುಗಿ, ಕತ್ತು ಒಂದು ಪಕ್ಕಕ್ಕೆ ವಾಲಿಸಿ ನಿಂತಿತು.

"ಅಜ್ಜಿ, ಇದನ್ನ ಬೋರಿಗೆ ಇಳಿಸಾಣ, ನೀರು ಬಂದೇ ಬರ್ತೈತೆ" ಅಂದೆಯಲ್ಲ ಪವನ!

"ಸುಮ್ಕಿರಲೇ!" ಅಂತ ಸ್ಪಂದನ ಗದರಿದಳು. ಅವಳ ಕಣ್ಣು ಆಗಲೇ ತುಂಬಿತ್ತು.

ಸದ್ದಿಲ್ಲದೆ ಅಡುಗೆಮನೆಗೆ ಹೋಗಿಬಿಡೋಣ ಅನ್ನಿಸಿತು. ಎದ್ದೂ ಇದ್ದೆ. ಆಗ ಹೊಳೆಯಿತು. ಅಜ್ಜನ ತಂತಿ ಅಲ್ಲಾಡಿದರೆ ಕೆಡುತ್ತಿತ್ತು, ಇದು ಅಲ್ಲಾಡದಿದ್ದರೆ ಕೆಡುತ್ತದೆ. ಹೊರಳುವುದೇ ಇದರ ಕೆಲಸ. ನಾನು ಕತ್ತನ್ನೇ ಬಿಗಿದು ಕಟ್ಟಿದ್ದೆ. ಸ್ವಿಚ್ ಆರಿಸಿ, ಗಂಟು ಕತ್ತರಿಸಿ, "ಇದರ ಕತ್ತು ಎಲ್ಲಿಗಂಟ ತಿರುಗ್ತೈತೋ ತಿರುಗಿಸಿ ಹಿಡ್ಕಳವ್ವ" ಅಂದೆ. ಅಷ್ಟು ದೂರಕ್ಕೂ ಸಾಲುವಂತೆ ತಂತಿಗೆ ಬಳುಕು ಬಿಟ್ಟು, ಕವಚವನ್ನು ಬುಡದಲ್ಲಿ ಮಾತ್ರ ಕಟ್ಟಿದೆ. ಈ ಸಲ ನಡುಗಲಿಲ್ಲ.

ಇನ್ನು ಪರೀಕ್ಷೆಗೆ ಯಾರಾದರೂ ಮುಂದೆ ನಡೆಯಬೇಕು. "ನೀನೇ ನಡಿ ಅಜ್ಜಿ, ನಡುಗಿಸ್ದೋಳು ನೀನೇ" ಅಂದಿರಿ. ಬಟ್ಟೆ ಒಗೆಯುವ ಕಲ್ಲಿನಿಂದ ಹಿಂಬಾಗಿಲವರೆಗೆ ಮುಖ ತೋರಿಸದೆ ನಡೆದೆ. ಆಮೇಲೆ ನೋಡಿದರೆ ಚಿತ್ರ ಎಣ್ಣೆ ಸುರಿದಂತೆ ನಯ. ಅದರೊಳಗೆ ನನ್ನ ಬೆನ್ನು. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಬೆನ್ನನ್ನು ಅವತ್ತೇ ಮೊದಲು ನೋಡಿದ್ದು. ನಡಿಗೆ ಥೇಟ್ ನಮ್ಮವ್ವನದು.

ಸ್ಪಂದನ, ಬಿ.ದುರ್ಗದಿಂದ ಬಂದವಳೇ ನೀನು, "ಇದನ್ನ ಕಟ್ಟಿದ್ದು ನಮ್ಮಜ್ಜಿ ಅಂತ ಎಲ್ಲರಿಗೂ ತೋರಿಸ್ದೆ" ಅಂದೆ. "ಅಯ್ಯೋ, ಯಾಕೆ ಹೇಳಾಕೆ ಹೋದೆ!" ಅಂತ ನಾನು ಬೈದೆ. ಸಾರಿಗೆ ಉಪ್ಪು ಹಾಕುತ್ತಾ, ತಡೆಯಲಾಗದೆ ಕೇಳಿದೆ: "ಅದಕ್ಕೆ ಅವರೇನಂದ್ರು?"

ನಾಚಿಕೆಗೂ ಸ್ವಲ್ಪ ಬಳುಕು ಬೇಕು ಅಂತ ಕಾಣುತ್ತದೆ. ಇಲ್ಲದಿದ್ದರೆ ಇದನ್ನೆಲ್ಲ ಬರೆಯುತ್ತಿದ್ದೆನೇ? ಈ ಹಾಳೆಗಳನ್ನು ಅಜ್ಜನ ಸ್ಲೀವಿನ ಡಬ್ಬಿಯಲ್ಲಿ ಜೋಪಾನವಾಗಿಡಿ. ಹಾಳೆ ಕಟ್ಟಿಡಲು ದಾರವೂ ಅದರಲ್ಲೇ ಇದೆ. ಕಟ್ಟುವಾಗ ಮಾತ್ರ ತುಂಬಾ ಬಿಗಿಯಬೇಡಿ, ಆಗಾಗ ಬಿಚ್ಚಿ ಓದಬೇಕು.